ಬಾಗಿಲ ಹೊರಗಿಟ್ಟ ಚಹಾ

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವಳು, ವಯಸ್ಸು 23. ಜರ್ಮನಿಯ ಒಂದು ಕುಟುಂಬದಲ್ಲಿ ಓ-ಪೇರ್ ಆಗಿದ್ದೇನೆ. ಅಂದರೆ ಅವರ ಮನೆಯಲ್ಲೇ ಇದ್ದು, ಮಕ್ಕಳನ್ನು ನೋಡಿಕೊಳ್ಳುತ್ತಾ ಭಾಷೆ ಕಲಿಯುತ್ತಿದ್ದೇನೆ. ಡಿಸೆಂಬರಿನಲ್ಲಿ ಜ್ವರ, ಕೆಮ್ಮು ಶುರುವಾಯಿತು. ಮೊದಲ ಮೂರು ದಿನ ಯಾರಿಗೂ ಹೇಳದೆ, ಊರಿನಿಂದ ತಂದಿದ್ದ ಮಾತ್ರೆ ನುಂಗಿ ಕೆಲಸ ಮಾಡಿದೆ. ನಾಲ್ಕನೆಯ ದಿನ ಏಳಲಾಗಲಿಲ್ಲ. ಮನೆಯೊಡತಿ ಮಕ್ಕಳನ್ನು ನನ್ನ ಹತ್ತಿರ ಬಿಡಲಿಲ್ಲ. ಚಹಾ ಮತ್ತು ಒಣ ರಸ್ಕನ್ನು ಬಾಗಿಲ ಹೊರಗಿಟ್ಟು ಹೋದರು. ಆ ಚಳಿಯಲ್ಲೂ ಬಂದು ಕಿಟಕಿ ತೆರೆದರು. ಯಾರೂ ಹಣೆ ಮುಟ್ಟಿ ನೋಡಲಿಲ್ಲ. ಜ್ವರ ಬಿಟ್ಟಿದೆ, ಕೆಮ್ಮು ಮೂರು ವಾರವಾದರೂ ಹೋಗಿಲ್ಲ. ಅಮ್ಮನಿಗೆ ಹೇಳಿಲ್ಲ. ಈ ಮನೆ ಬಿಡಲೇ, ಊರಿಗೇ ಮರಳಲೇ?
– ಹೆಸರು ಬೇಡ

ಉತ್ತರ: ಮನೆ ಬಿಡುವ ಮಾತು ಆಮೇಲೆ, ಮೊದಲು ವೈದ್ಯರಲ್ಲಿಗೆ ಹೋಗಿ. ವೈರಾಣು ಸೋಂಕಿನ ನಂತರದ ಕೆಮ್ಮು ಕೆಲವೊಮ್ಮೆ ವಾರಗಟ್ಟಲೆ ಉಳಿಯುವುದುಂಟು. ಆದರೂ ಮೂರು ವಾರದ ಕೆಮ್ಮನ್ನು ಪರೀಕ್ಷಿಸದೆ ಬಿಡುವಂತಿಲ್ಲ. ನಮ್ಮ ದೇಶದಲ್ಲೇ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಅಲ್ಲಿನ ವೈದ್ಯರು ನೀವು ಭಾರತದವರೆಂದು ತಿಳಿದು ಕ್ಷಯದ ಪರೀಕ್ಷೆ ಸೂಚಿಸಿದರೆ ಅದನ್ನು ಅವಮಾನವೆಂದುಕೊಳ್ಳಬೇಡಿ. ಜರ್ಮನಿಯಲ್ಲಿ ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗುವುದಕ್ಕಿಂತ ಊರಿನ ಕುಟುಂಬ ವೈದ್ಯರಿಗೆ ಫೋನ್ ಮಾಡಿ ಸಮಯ ಪಡೆಯುವುದು ವಾಡಿಕೆ. ಅವರ ಬಾಗಿಲು ಮುಚ್ಚಿದ ಹೊತ್ತಿನಲ್ಲಿ 116117ಕ್ಕೂ, ಉಸಿರಾಟಕ್ಕೆ ಕಷ್ಟವಾದರೆ ಅಥವಾ ಎದೆ ನೋವು ಬಂದರೆ 112ಕ್ಕೂ ಕರೆ ಮಾಡಬೇಕು. ಹೋಗುವಾಗ ವಿಮೆಯ ಕಾಗದ ಜೊತೆಗಿರಲಿ, ಬಿಲ್ಲನ್ನು ಜೋಪಾನ ಮಾಡಿ. ನುಂಗಿದ ಮಾತ್ರೆಗಳ ಖಾಲಿ ಪಟ್ಟಿಯನ್ನೂ ಒಯ್ಯಿರಿ. ಅದರಲ್ಲಿ ಆಂಟಿಬಯಾಟಿಕ್ ಇದ್ದರೆ ವೈದ್ಯರಿಗೆ ತಿಳಿಯಲೇಬೇಕು.

ಇನ್ನು ಆ ಕಿಟಕಿಯ ವಿಷಯ. ನಮ್ಮಲ್ಲಿ ಜ್ವರ ಬಂದವರ ಕೋಣೆಗೆ ಗಾಳಿ ಸೋಕದಂತೆ ಬಾಗಿಲು ಕಿಟಕಿ ಮುಚ್ಚಿ, ಕಿವಿಗೆ ಬಟ್ಟೆ ಸುತ್ತಿ, ಜೀರಿಗೆ ಮೆಣಸಿನ ಕಷಾಯ ಕುಡಿಸುತ್ತಾರೆ. ಜರ್ಮನರು ಚಳಿಗಾಲದಲ್ಲೂ ದಿನಕ್ಕೆ ಕೆಲವು ಸಲ ಐದು ಹತ್ತು ನಿಮಿಷ ಕಿಟಕಿಯನ್ನು ಪೂರ್ತಿ ತೆರೆದು ಕೋಣೆಯ ಗಾಳಿ ಬದಲಿಸುತ್ತಾರೆ. ಕಾಯಿಲೆಯವರ ಕೋಣೆಯಲ್ಲಿ ಅದು ಇನ್ನೂ ಅಗತ್ಯವೆಂಬುದು ಅವರ ನಂಬಿಕೆ, ಅದರಲ್ಲಿ ತಪ್ಪೇನೂ ಇಲ್ಲ. ರಸ್ಕು ಮತ್ತು ಗಿಡಮೂಲಿಕೆಯ ಚಹಾ ಅಲ್ಲಿನ ಮಕ್ಕಳಿಗೂ ಹುಷಾರಿಲ್ಲದಾಗ ಕೊಡುವ ಪಥ್ಯ. ಕಾಯಿಲೆಯವರನ್ನು ಮಾತನಾಡಿಸದೆ ಮಲಗಲು ಬಿಡುವುದು ಅವರಿಗೆ ಉಪಚಾರದ ಒಂದು ಭಾಗ. ನಿಮ್ಮನ್ನು ಮಡಿಯ ಹೊರಗೆ ಕೂರಿಸಿದರು ಎಂದು ನಿಮಗೆ ಅನ್ನಿಸಿರಬಹುದು. ಅವರ ಉದ್ದೇಶ ಅದಾಗಿರಲಿಕ್ಕಿಲ್ಲ ಎಂದು ನನ್ನ ಊಹೆ.

ಹಾಗೆಂದು ಅಷ್ಟು ಉಪಚಾರ ನಿಮಗೆ ಸಾಕಾಗಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಸಾಕಾಗಲಿಲ್ಲ ಎಂಬುದನ್ನು ಅವರಿಗೆ ತಿಳಿಸಿದ್ದೀರಾ ಎಂದಷ್ಟೇ ಕೇಳುತ್ತಿದ್ದೇನೆ. ನಿಮ್ಮ ದನಿ ಕೇಳಿಯೇ "ಏನಾಯ್ತೇ ನಿಂಗೆ" ಎನ್ನುವ ಅಮ್ಮನ ಮನೆಯಲ್ಲಿ ಬೆಳೆದವರು ನೀವು. ಈ ಮನೆಯವರು ಮೂರು ದಿನ ನೀವು ಮಕ್ಕಳ ಜೊತೆ ಓಡಾಡಿದ್ದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಂಡರು. ಮಕ್ಕಳಿಗೂ ಸೋಂಕು ತಗಲಬಹುದಿತ್ತೆಂಬ ಕಾರಣಕ್ಕಾದರೂ ಮೊದಲ ದಿನವೇ ಹೇಳಬೇಕಿತ್ತು. ಬಾಯಿಬಿಟ್ಟು ಕೇಳುವುದನ್ನು ಅವರು ಸಣ್ಣತನವೆಂದು ಎಣಿಸುವುದಿಲ್ಲ; ಕೇಳದೆ ಒಳಗೊಳಗೇ ಮುನಿಸಿಕೊಳ್ಳುವುದು ಮಾತ್ರ ಅವರಿಗೆ ಅರ್ಥವೇ ಆಗುವುದಿಲ್ಲ. ಆದ್ದರಿಂದ ಇಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಅವರ ಜೊತೆ ಕುಳಿತು, ವೈದ್ಯರಿಗೆ ಫೋನ್ ಮಾಡಿಕೊಡಿ, ಲಕ್ಷಣ ವಿವರಿಸುವಷ್ಟು ಜರ್ಮನ್ ನನಗೆ ಬಾರದು, ಒಬ್ಬರು ಜೊತೆಗೆ ಬನ್ನಿ ಎಂದು ಕೇಳಿ. ಗಂಜಿ ಮಾಡಿಕೊಳ್ಳಲು ಅಡುಗೆಮನೆ ಬೇಕೆಂದೂ, ಮಲಗಿದ್ದಾಗ ದಿನಕ್ಕೊಮ್ಮೆಯಾದರೂ ಯಾರಾದರೂ ಒಳಗೆ ಬಂದು ವಿಚಾರಿಸಿದರೆ ಧೈರ್ಯವೆಂದೂ ಹೇಳಿ.

ರಜೆ ಕೇಳಲು ನೀವು ಅಂಜಿದ್ದು ಹಣದ ಚಿಂತೆಯಿಂದಲೂ ಇರಬಹುದು. ಅಲ್ಲಿನ ನಿಯಮದ ಪ್ರಕಾರ ಓ-ಪೇರ್ ಕೆಲಸ ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆ ಮೀರುವಂತಿಲ್ಲ. ತಿಂಗಳ 280 ಯೂರೋ ಕೈಖರ್ಚನ್ನು ಕಾಯಿಲೆಯಿದ್ದಾಗಲೂ ಕೊಡಬೇಕು. ಆರೋಗ್ಯ ವಿಮೆಯ ಖರ್ಚೂ ಆ ಕುಟುಂಬದ್ದೇ. ಮಲಗಿದ್ದ ದಿನಗಳ ಗಂಟೆಗಳನ್ನು ನಿಮ್ಮ ಬಿಡುವಿನ ದಿನಗಳಲ್ಲಿ ತುಂಬಿಕೊಡಿ ಎಂದು ಯಾರೂ ಹೇಳುವಂತಿಲ್ಲ.

ಅಮ್ಮನಿಗೂ ಹೇಳಿ, ಆದರೆ ವೈದ್ಯರನ್ನು ಕಂಡು ಬಂದ ಮೇಲೆ. ಆಗ ಬರೀ ಗಾಬರಿಯ ಬದಲು ವೈದ್ಯರ ಮಾತನ್ನೂ ತಿಳಿಸಬಹುದು. ಅವರು ಅಳುತ್ತಾರೆ, ಬಂದುಬಿಡು ಎನ್ನುತ್ತಾರೆ. ಅಂದಿನ ಮಾತಿಗೇ ಟಿಕೆಟ್ ಮಾಡಿಸಬೇಡಿ.

ಇಷ್ಟೆಲ್ಲ ಬಿಡಿಸಿ ಹೇಳಿದ ಮೇಲೂ ಅವರು ವೈದ್ಯರಲ್ಲಿಗೆ ಕಳಿಸಲು ಹಿಂದೆಮುಂದೆ ನೋಡಿದರೆ, ಕೈಖರ್ಚು ಹಿಡಿದರೆ, ಜ್ವರದಲ್ಲೂ ಕೆಲಸಕ್ಕೆ ಕರೆದರೆ, ಆಗ ಆ ಮನೆ ಬಿಡಿ, ನನ್ನ ಅಡ್ಡಿಯಿಲ್ಲ. ಏಜೆನ್ಸಿಯ ಮೂಲಕ ಹೋಗಿದ್ದರೆ ಮೊದಲು ಅವರಿಗೆ ಬರೆಯಿರಿ. ಒಪ್ಪಂದದಲ್ಲಿ ಎಷ್ಟು ದಿನದ ಮುನ್ಸೂಚನೆ ಎಂದಿದೆಯೋ ನೋಡಿಕೊಳ್ಳಿ. ನಿಮ್ಮ ವಾಸದ ಪರವಾನಗಿ ಈ ಕೆಲಸಕ್ಕೇ ಅಂಟಿಕೊಂಡಿರುವುದರಿಂದ, ವಿದೇಶಿಯರ ಕಚೇರಿಯಲ್ಲಿ ವಿಚಾರಿಸಿ, ಹೊಸ ಕುಟುಂಬ ಗೊತ್ತಾದ ಮೇಲೆಯೇ ಪೆಟ್ಟಿಗೆ ಕಟ್ಟಿ.