ನದಿ ದಡದ ಹಳೇ ಮನೆ ಕೆಡವಿ ಹೋಮ್‌ಸ್ಟೇ ಕಟ್ಬಹುದಾ?

ಪ್ರಶ್ನೆ: ಸರ್, ನಾವಿರೋದು ಮುಂಬೈನಲ್ಲಿ. ಬಾರ್ಕೂರು ಹತ್ರ ಸೀತಾ ನದಿ ದಡದಲ್ಲಿ ಅಪ್ಪನ ಕಾಲದ 40 ಸೆಂಟ್ಸ್ ಜಾಗ, ಅದ್ರಲ್ಲಿ ಒಂದು ಹಳೇ ಹಂಚಿನ ಮನೆ ಉಂಟು, ಅಮ್ಮ ಈಗ್ಲೂ ಅಲ್ಲೇ ಇದ್ದಾರೆ. ಮನೆ ಕೆಡವಿ ದೊಡ್ಡದು ಕಟ್ಟಿ, ಪಕ್ಕದಲ್ಲಿ ನಾಲ್ಕು ಕಾಟೇಜ್ ಮಾಡಿ ಹೋಮ್‌ಸ್ಟೇ ನಡೆಸೋ ಆಸೆ. ನದಿ ಕಡೆ ತಗ್ಗು ಇರೋದ್ರಿಂದ ಮಣ್ಣು ತುಂಬಿಸ್ಬೇಕು. ಪಂಚಾಯತ್ ಲೈಸೆನ್ಸ್ ಸಿಗ್ತದೆ ಅಂತ ಕಂಟ್ರಾಕ್ಟರ್ ಹೇಳ್ತಿದ್ದಾರೆ, ಅಷ್ಟು ಸಾಕಾ?

ಉತ್ತರ: ಸಾಕಾಗಲ್ಲ, ಅಡ್ವಾನ್ಸ್ ಕೊಟ್ಟಿಲ್ಲ ಅಂದ್ರೆ ದಯವಿಟ್ಟು ಸ್ವಲ್ಪ ತಡೀರಿ. ಕೊಚ್ಚಿಯ ಮರಡುನಲ್ಲಿ ಫ್ಲಾಟ್‌ಗಳಿಗೆ ಪರ್ಮಿಟ್ ಕೊಟ್ಟಿದ್ದು ಅಲ್ಲಿನ ಪಂಚಾಯತೇ, ಆದ್ರೆ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ಒಪ್ಪಿಗೆ ಇರ್ಲಿಲ್ಲ, ಕೊನೆಗೆ ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರ ಜನವರಿಯಲ್ಲಿ ನಾಲ್ಕೂ ಅಪಾರ್ಟ್‌ಮೆಂಟ್ ಸ್ಫೋಟಕ ಇಟ್ಟು ಉರುಳಿಸಿದ್ರು, ದುಡ್ಡು ಕೊಟ್ಟು ತಗೊಂಡವ್ರು ಮನೆ ಕಳ್ಕೊಂಡ್ರು.

ಸಿಆರ್‌ಝೆಡ್ ಅಂದ್ರೆ ಸಮುದ್ರದ ಪಕ್ಕಕ್ಕೆ ಮಾತ್ರ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಉಬ್ಬರದ ನೀರು ಹತ್ತೋ ನದಿ, ಹಿನ್ನೀರಿಗೂ ಅದು ಬರ್ತದೆ. ಎಲ್ಲಿ ತನಕ ಅಂದ್ರೆ, ವರ್ಷದಲ್ಲಿ ನೀರು ಅತೀ ಕಮ್ಮಿ ಇರೋ ಸಮಯದಲ್ಲಿ ನದಿ ನೀರಿನ ಉಪ್ಪಿನಂಶ ಸಾವಿರಕ್ಕೆ 5 ಭಾಗ ಇರೋ ಜಾಗದ ತನಕ. ಏಪ್ರಿಲ್ ಹೊತ್ತಿಗೆ ಹೊಳೆ ನೀರು ಉಪ್ಪಾಗ್ತದಾ ಅಂತ ಅಮ್ಮನ ಹತ್ರ ಕೇಳಿ ನೋಡಿ. ಅದು ದಾಖಲೆ ಅಲ್ಲ ನಿಜ, ಆದ್ರೆ ಅರ್ಧ ಉತ್ತರ ಅವ್ರಿಂದ್ಲೇ ಸಿಗ್ತದೆ.

2011ರ ನಿಯಮದಲ್ಲಿ ಇಂಥ ನದಿ ಪಕ್ಕದ ನಿರ್ಬಂಧ 100 ಮೀಟರ್ ತನಕ ಇತ್ತು, ಊರಲ್ಲಿ ಈಗ್ಲೂ ಅದನ್ನೇ ಹೇಳೋರಿದ್ದಾರೆ. 2019ರ ಅಧಿಸೂಚನೆಯಲ್ಲಿ ಅದು 50 ಮೀಟರ್, ಇಲ್ಲಾ ನದಿಯ ಅಗಲ, ಎರಡ್ರಲ್ಲಿ ಯಾವ್ದು ಕಮ್ಮಿಯೋ ಅದು. ಅಳತೆ ಶುರುವಾಗೋದು ನೀರಿನ ಅಂಚಿಂದ ಅಲ್ಲ, ಹೈಟೈಡ್ ಲೈನ್‌ನಿಂದ, ಅಂದ್ರೆ ಉಬ್ಬರದ ನೀರು ಮೇಲೆ ಹತ್ತೋ ಗೆರೆಯಿಂದ. ಆ ಗೆರೆ ನೀವು, ನಾನು, ಕಂಟ್ರಾಕ್ಟರ್ ಎಳೆಯೋದಲ್ಲ, ಸರ್ಕಾರದ ಕರಾವಳಿ ವಲಯ ನಕ್ಷೆಯಲ್ಲಿ ಇರೋದೇ ಲೆಕ್ಕ. ಹಾಗಾಗಿ ಮೊದಲ ಕೆಲ್ಸ ಪ್ಲಾನ್ ಬರೆಸೋದಲ್ಲ. ಪಹಣಿ, ಸರ್ವೆ ಸ್ಕೆಚ್ ಹಿಡ್ಕೊಂಡು ಉಡುಪಿಯ ಪ್ರಾದೇಶಿಕ ನಿರ್ದೇಶಕರ (ಪರಿಸರ) ಆಫೀಸಿಗೆ ಹೋಗಿ, ನಿಮ್ಮ ಸರ್ವೆ ನಂಬರಿನ ಮೇಲೆ ಆ ಗೆರೆ ಎಲ್ಲಿ ಹಾದುಹೋಗ್ತದೆ ಅಂತ ಲಿಖಿತವಾಗಿ ಕೇಳಿ. ಬಾಯಿಮಾತಿನ ಉತ್ತರ ತಗೊಂಡು ವಾಪಸ್ ಬರ್ಬೇಡಿ.

ಗೆರೆ ಸಿಕ್ಕಿದ ಮೇಲೆ ವಿಷಯ ತುಂಬಾ ಸಲೀಸು. ಗ್ರಾಮೀಣ ಪ್ರದೇಶದಲ್ಲಿ ನದಿ ಪಕ್ಕದ ಆ 50 ಮೀಟರ್ ಒಳಗೆ ಹೊಸ ಕಾಟೇಜ್ ಆಗೋದಿಲ್ಲ. 300 ಚದರ ಮೀಟರ್ ತನಕದ ಸ್ವಂತ ಮನೆಗೆ ಸ್ಥಳೀಯ ಸಂಸ್ಥೆಯ ಅನುಮತಿ ಸಾಕು ಅನ್ನೋ ಮಾತು ನಿಮ್ಮ ಕಿವಿಗೂ ಬಿದ್ದಿರ್ಬಹುದು, ಆದ್ರೆ ಅದು ಕಟ್ಟಲಿಕ್ಕೆ ಅವಕಾಶ ಇರೋ ಸಿಆರ್‌ಝೆಡ್ ಜಾಗದ ಮಾತು, ನಿಷೇಧ ಇರೋ ಕಡೆ ಅದೂ ನಡೆಯಲ್ಲ. ಹಳೇ ಮನೆ ಅದ್ರೊಳಗೆ ಬಿದ್ರೂ ಗಾಬರಿ ಬೇಡ, ಅಧಿಕೃತ ಕಟ್ಟಡ ಆಗಿದ್ರೆ ರಿಪೇರಿಗೂ ಅನುಮತಿ ತಗೊಂಡು ಮತ್ತೆ ಕಟ್ಟೋದಕ್ಕೂ ಅವಕಾಶ ಉಂಟು, ಇದ್ದ ಪಾಯದಷ್ಟೇ, ದೊಡ್ಡದು ಮಾಡೋ ಹಾಗಿಲ್ಲ. ಅಪ್ಪನ ಕಾಲದ ಮನೆ ತೆರಿಗೆ ರಶೀದಿ ಹುಡುಕಿಡಿ, ಅಧಿಕೃತ ಅಂತ ತೋರಿಸ್ಲಿಕ್ಕೆ ಅದು ಬೇಕಾಗ್ತದೆ.

ಇನ್ನೊಂದು ವಿಷಯ, ಸ್ಥಳೀಯರು ಇರೋ ಮನೆಯ ಪಾಯ, ವಿನ್ಯಾಸ, ಮುಂಭಾಗ ಬದಲಾಯಿಸದೆ ಹೋಮ್‌ಸ್ಟೇ ಮಾಡ್ಲಿಕ್ಕೆ 2019ರ ಅಧಿಸೂಚನೆಯೇ ಜಾಗ ಕೊಟ್ಟಿದೆ. ನನ್ನನ್ನ ಕೇಳಿದ್ರೆ ಆ ಹಂಚಿನ ಮನೆ ಕೆಡವ್ಲೇಬೇಡಿ, ಅದನ್ನೇ ಚೆಂದ ರಿಪೇರಿ ಮಾಡಿಸಿ, ಬರೋ ಅತಿಥಿಗಳು ನೋಡ್ಲಿಕ್ಕೆ ಇಷ್ಟಪಡೋದೂ ಅದನ್ನೇ.

50 ಮೀಟರ್ ದಾಟಿ ರಸ್ತೆ ಕಡೆ ಜಾಗ ಉಳಿದ್ರೆ ಅಲ್ಲಿ ಸಿಆರ್‌ಝೆಡ್ ತಂಟೆ ಇಲ್ಲ. ಆದ್ರೆ ಕೃಷಿ ಜಮೀನಾದ್ರೆ ಡಿಸಿಯಿಂದ ಕನ್ವರ್ಷನ್ (ಭೂಪರಿವರ್ತನೆ), ಅದಾದ್ಮೇಲೆ ಏಕ ನಿವೇಶನ ವಿನ್ಯಾಸ ಅನುಮೋದನೆ, 9/11 (ಪಂಚಾಯತ್ ಕೊಡೋ ಆಸ್ತಿ ದಾಖಲೆಯ ನಮೂನೆಗಳು), ಕೊನೆಗೆ ಪಂಚಾಯತ್ ಲೈಸೆನ್ಸ್. ಕನ್ವರ್ಷನ್ ಅರ್ಜಿಯಲ್ಲಿ ಉದ್ದೇಶ ವಾಸಕ್ಕಾ ವಾಣಿಜ್ಯಕ್ಕಾ ಅಂತ ಸರಿಯಾಗಿ ಹಾಕಿ, ಇದನ್ನ ತಪ್ಪು ಬರೆದು ಆಮೇಲೆ ವರ್ಷಗಟ್ಲೆ ಅಲೆದವ್ರನ್ನ ಕಣ್ಣಾರೆ ನೋಡಿದ್ದೇನೆ.

ಮಣ್ಣು ತುಂಬಿಸೋ ವಿಚಾರ ಅಂತೂ ಬಿಟ್ಬಿಡಿ. ನದಿ ಅಂಚಿನ ತಗ್ಗಲ್ಲಿ ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಇದ್ರೆ ಆ ಜಾಗ ಅತೀ ಕಟ್ಟುನಿಟ್ಟಿನ ವರ್ಗಕ್ಕೆ ಸೇರ್ತದೆ, ಒಂದು ಗಿಡಕ್ಕೂ ಕತ್ತಿ ತಾಗಿಸ್ಬೇಡಿ. ದಡ ಕೊರೀತಿದ್ರೆ ತಡೆಗೋಡೆಗೂ ಮೊದ್ಲು ಅದೇ ಆಫೀಸಿನಲ್ಲಿ ಕೇಳಿ, ಲೋಡ್ ತರಿಸಿದ ಮೇಲೆ ಅಲ್ಲ.