ಮಡಕೆ ಚೂರಿನಿಂದ ಇರಿಡಿಯಂವರೆಗೆ

ಧಾರವಾಡದ ಓದುಗರೊಬ್ಬರ ಪತ್ರ: “ಡೈನೊಸಾರ್‌ಗಳ ಅಳಿವಿನ ಬಗ್ಗೆ 1980ರ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಬಂಧದಲ್ಲಿ ಕೊನೆಯ ಹೆಸರು ಹೆಲೆನ್ ಮಿಶೆಲ್. ಮಡಕೆ ಚೂರು ಪರೀಕ್ಷಿಸುತ್ತಿದ್ದ ರಸಾಯನಶಾಸ್ತ್ರಜ್ಞೆಗೆ ಅಲ್ಲೇನು ಕೆಲಸ? ಅವರ ವಿಧಾನದಿಂದ ನಮ್ಮೂರ ಹಾಳುದಿಬ್ಬದ ಮಡಕೆಯ ಕಾಲ ತಿಳಿಯಬಹುದೇ?”

ಮಾನ್ಯರೇ,

ಎರಡನೆಯ ಪ್ರಶ್ನೆಗೆ ಮೊದಲು: ತಿಳಿಯದು. ಅವರ ವಿಧಾನ ನ್ಯೂಟ್ರಾನ್ ಸಕ್ರಿಯಣ ವಿಶ್ಲೇಷಣೆ: ಮಾದರಿಗೆ ನ್ಯೂಟ್ರಾನ್ ಬಡಿಸಿ, ಅದರ ಧಾತುಗಳು ಆಮೇಲೆ ಸೂಸುವ ವಿಕಿರಣವನ್ನು ಎಣಿಸಿ, ಯಾವ ಧಾತು ಎಷ್ಟಿದೆಯೆಂದು ತಿಳಿಯುವುದು. ಅದು ಮಣ್ಣು ಎಲ್ಲಿಯದೆಂದು ಹೇಳೀತು, ಯಾವ ಕಾಲದ್ದೆಂದು ಹೇಳದು. ಕಾಲಕ್ಕೆ ಥರ್ಮೋಲ್ಯುಮಿನೆಸೆನ್ಸ್ (ಕಾಯಿಸಿದಾಗ ಹೊಮ್ಮುವ ಬೆಳಕನ್ನು ಅಳೆಯುವ) ಪರೀಕ್ಷೆ ಇದೆ; ಅದೇ ಪದರದ ಇದ್ದಿಲು ಸಿಕ್ಕರೆ ಕಾರ್ಬನ್ ಪರೀಕ್ಷೆಯೂ ಆದೀತು. ದಯವಿಟ್ಟು ಚೂರುಗಳನ್ನು ಎತ್ತಿಡಬೇಡಿ, ಪದರದ ಗುರುತೇ ಹೋಗುತ್ತದೆ.

ಬರ್ಕ್ಲಿಯ ಲಾರೆನ್ಸ್ ಪ್ರಯೋಗಾಲಯದಲ್ಲಿ ಪರ್ಲ್‌ಮನ್ ಮತ್ತು ಅಸಾರೊ ಪರಮಾಣು ರಸಾಯನಶಾಸ್ತ್ರದಿಂದ ಮಡಕೆಗೆ ಬಂದವರು. ಮಿಶೆಲ್ ಅವರ ಜೊತೆಗಾರ್ತಿ. ಚೂರಿನ ಮೇಲ್ಪದರ ತೆಗೆದು ಒಳಗಿನಿಂದ ಸುಮಾರು 100 ಮಿಲಿಗ್ರಾಂ ಪುಡಿ ಕೆರೆಯುತ್ತಿದ್ದರು, ಅದೂ ಕೃತಕ ನೀಲಮಣಿಯ ಕಡ್ಡಿಯಿಂದ. ಟಂಗ್‌ಸ್ಟನ್ ಕಾರ್ಬೈಡ್ ಬೈರಿಗೆಯಾದರೆ ಅದರ ಟಂಗ್‌ಸ್ಟನ್, ಕೋಬಾಲ್ಟ್ ಪುಡಿಗೆ ಸೇರಿ ಲೆಕ್ಕ ಕೆಡುತ್ತದೆ. ಪುಡಿಗೆ ಸೆಲ್ಯುಲೋಸ್ ಬೆರೆಸಿ ಮಾತ್ರೆ ಒತ್ತಿ, ಸಂಯೋಜನೆ ಮೊದಲೇ ಗೊತ್ತಿರುವ ಪ್ರಮಾಣಿತ ಮಡಕೆಪುಡಿಯ ಮಾತ್ರೆಗಳ ಜೊತೆಗೇ ರಿಯಾಕ್ಟರಿಗೆ ಇಡುವುದು. ಆಮೇಲೆ ಕಾಯುವ ಕೆಲಸ. ಸೋಡಿಯಂ-24ರ ಅರ್ಧಾಯು (ವಿಕಿರಣ ಅರ್ಧಕ್ಕಿಳಿಯುವ ಅವಧಿ) 15 ಗಂಟೆ; ಅದರ ಅಬ್ಬರ ತಗ್ಗುವ ತನಕ ಉಳಿದವು ಸರಿಯಾಗಿ ಕಾಣವು. ಕಬ್ಬಿಣ-59 (44 ದಿನ), ಸ್ಕ್ಯಾಂಡಿಯಂ-46 (84 ದಿನ) ಎಣಿಸುವುದು ವಾರಗಳ ಬಳಿಕ. ಕುಂಬಾರ ಮರಳು ಹೆಚ್ಚು ಬೆರೆಸಿದ್ದರೆ ಜೇಡಿಯ ಧಾತುಗಳೆಲ್ಲ ಒಟ್ಟಿಗೇ ತೆಳುವಾಗುತ್ತವೆ; ಆಗ ಅವುಗಳ ಪರಸ್ಪರ ಅನುಪಾತವನ್ನೇ ನಂಬಬೇಕು.

ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕ್ 1579ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿಟ್ಟದ್ದೆಂದು ನಂಬಲಾಗಿದ್ದ, 1936ರಲ್ಲಿ ಸಿಕ್ಕ ಹಿತ್ತಾಳೆ ಫಲಕವನ್ನೂ ಮಿಶೆಲ್–ಅಸಾರೊ ಪರೀಕ್ಷಿಸಿದರು. ಸತು ಅತಿ ಹೆಚ್ಚು, ಕಲ್ಮಶ ಅತಿ ಕಡಿಮೆ. ಡ್ರೇಕ್ ಕಾಲದ ಯುರೋಪಿನಲ್ಲಿ ತಾಮ್ರವನ್ನು ಸತುವಿನ ಅದಿರು, ಇದ್ದಿಲುಗಳ ಜೊತೆ ಕಾಯಿಸುತ್ತಿದ್ದರು. ಹಾಗೆ ಮಾಡಿದ ಹಿತ್ತಾಳೆಯಲ್ಲಿ ಸತು ಶೇ. 30ರ ಆಸುಪಾಸು ದಾಟುವುದು ಕಷ್ಟ. ಫಲಕ ನಕಲಿ. ‘ಇಲ್ಲಿ ಕಾಲ ಸಿಕ್ಕಿತಲ್ಲ’ ಎನ್ನಬೇಡಿ, ಸಿಕ್ಕಿದ್ದು ತಯಾರಿಕೆಯ ವಿಧಾನ.

ಡೈನೊಸಾರ್ ಪ್ರಬಂಧದಲ್ಲೂ ಕೆಲಸ ಅದೇ, ಮಣ್ಣು ಮಾತ್ರ ಬೇರೆ. ಇಟಲಿಯ ಗುಬ್ಬಿಯೊದಲ್ಲಿ, ಡೈನೊಸಾರ್‌ಗಳು ಅಳಿದ ಕಾಲದ ತೆಳು ಜೇಡಿಪದರದಲ್ಲಿ ನೂರು ಕೋಟಿ ಪಾಲಿಗೆ ಸುಮಾರು 9 ಪಾಲು ಇರಿಡಿಯಂ ಸಿಕ್ಕಿತು. ಅಕ್ಕಪಕ್ಕದ ಪದರಗಳಿಗಿಂತ ಸುಮಾರು 30 ಪಟ್ಟು. ಡೆನ್ಮಾರ್ಕಿನಲ್ಲಿ ಏರಿಕೆ 160 ಪಟ್ಟು, ನ್ಯೂಜಿಲೆಂಡಿನಲ್ಲಿ 20. ಇರಿಡಿಯಂ ಭೂಮಿಯ ಹೊರಪದರದಲ್ಲಿ ಅತಿ ವಿರಳ, ಉಲ್ಕೆಗಳಲ್ಲಿ ಹೆಚ್ಚು; ಹಾಗಾಗಿ ಆಗಸದಿಂದ ದೊಡ್ಡ ಬಂಡೆಯೊಂದು ಅಪ್ಪಳಿಸಿ ಡೈನೊಸಾರ್‌ಗಳು ಅಳಿದವೆಂದು ಪ್ರಬಂಧದ ವಾದ. ಇಷ್ಟು ಸಣ್ಣ ಅಳತೆಗೆ ಉಂಗುರವೂ ಶತ್ರು: ಒಡವೆಯ ಪ್ಲಾಟಿನಂಗೆ ಗಟ್ಟಿತನಕ್ಕಾಗಿ ಶೇ. 10ರಷ್ಟು ಇರಿಡಿಯಂ ಬೆರೆಸುವುದುಂಟು, ಅದರ ಸವೆತದ ಕಣ ಮಾದರಿಗೆ ಬಿದ್ದರೆ ಇಲ್ಲದ ಉಲ್ಕೆಯೊಂದು ಕಂಡೀತು.

— ಸಂ.