ಅಕ್ಕನಿಗೆ ಎಂಎಸ್ ಇದೆ, ನನಗೂ ಬರುತ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಒಂದು ಹಳ್ಳಿ. ಅಕ್ಕನಿಗೆ 31 ವರ್ಷ. ಕಳೆದ ವರ್ಷ ಒಂದು ಕಣ್ಣು ಮಂಜಾಯಿತು, ಆಮೇಲೆ ಕಾಲು ಜೋಮು ಹಿಡಿಯಿತು. ಎಂಆರ್‌ಐ ಮಾಡಿಸಿದಾಗ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅಂದರು. ಈಗ ನನಗೆ ಗಂಡು ನೋಡುತ್ತಿದ್ದಾರೆ. ‘ಅದು ವಂಶದ ಕಾಯಿಲೆ’ ಎಂದು ನೆಂಟರಲ್ಲೇ ಮಾತು ಶುರುವಾಗಿದೆ. ನಾನು ಜೀನ್ ಟೆಸ್ಟ್ ಮಾಡಿಸಲಾ?

ಉತ್ತರ: ಬೇಡಮ್ಮ. ದುಡ್ಡೂ ದಂಡ, ನಿದ್ದೆಯೂ ಕೆಡುತ್ತದೆ.

ನಮ್ಮ ಮೈಯ ಕಾವಲು ಪಡೆಯೇ ದಾರಿ ತಪ್ಪಿ ನರದ ಮೇಲಿನ ಹೊದಿಕೆಯನ್ನು ಕೆಡಿಸುವುದು ಈ ಕಾಯಿಲೆ. ಇದರಲ್ಲಿ ಜೀನ್‌ಗಳ ಪಾತ್ರ ಇದೆ, ಸುಳ್ಳಲ್ಲ. ಆದರೆ ತದ್ರೂಪಿ ಅವಳಿಗಳನ್ನೇ ನೋಡಿ, ಇಬ್ಬರದ್ದೂ ಒಂದೇ ಜೀನ್, ಆದರೂ ಒಬ್ಬರಿಗೆ ಎಂಎಸ್ ಬಂದರೆ ಇನ್ನೊಬ್ಬರಿಗೆ ಬರುವುದು ಸುಮಾರು ನಾಲ್ಕು ಜೋಡಿಯಲ್ಲಿ ಒಂದಕ್ಕೆ ಮಾತ್ರ. ಒಡಹುಟ್ಟಿದವರಲ್ಲಿ ನೂರಕ್ಕೆ ಮೂವರ ಆಸುಪಾಸು. ಅದೂ ಕಾಯಿಲೆ ಜಾಸ್ತಿ ಇರುವ ಯುರೋಪ್, ಕೆನಡಾ ಕಡೆಯ ಲೆಕ್ಕ. ಪಕ್ಕದ ಮಂಗಳೂರಿನಲ್ಲಿ ಎಣಿಸಿದಾಗ ಲಕ್ಷ ಜನರಲ್ಲಿ ಹತ್ತು ಮಂದಿಯೂ ಸಿಗಲಿಲ್ಲ.

ಟೆಸ್ಟ್ ಯಾಕೆ ಬೇಡ ಅಂದೆ ಅಂದರೆ, ಹುಡುಕಲು ‘ಎಂಎಸ್ ಜೀನ್’ ಅಂತ ಒಂದು ಇಲ್ಲವೇ ಇಲ್ಲ. 2019ರಲ್ಲಿ 47,000ಕ್ಕೂ ಹೆಚ್ಚು ರೋಗಿಗಳ ಡಿಎನ್‌ಎ ಜಾಲಾಡಿ ಎಂಎಸ್ ಜೊತೆ ನಂಟಿರುವ 233 ವ್ಯತ್ಯಾಸಗಳನ್ನು ಗುರುತಿಸಿದರು. ಒಂದೊಂದರ ಪಾಲೂ ಚೂರುಪಾರು. ಎಲ್ಲಕ್ಕಿಂತ ಬಲವಾದದ್ದು ಎಚ್‌ಎಲ್‌ಎ-ಡಿಆರ್‌ಬಿ1*15:01, ಅಂದರೆ ಕಾವಲು ಪಡೆಗೆ ಸಂಬಂಧಿಸಿದ ಒಂದು ಜೀನ್‌ನ ಒಂದು ಬಗೆ. ಅದು ಇದ್ದವರಿಗೆ ಅಪಾಯ ಸುಮಾರು ಮೂರು ಪಟ್ಟು. ಮೂರು ಪಟ್ಟು ಅಂದ ಕೂಡಲೇ ಎದೆ ಝಲ್ ಅನ್ನುತ್ತದೆ, ಅಲ್ವಾ? ಸಾವಿರಕ್ಕೆ ಒಬ್ಬರಿಗೆ ಬರುವ ಕಡೆ ಮೂವರಿಗೆ ಬರುತ್ತದೆ, ಅಷ್ಟೇ. ಉಳಿದ 997 ಜನ ಆ ಜೀನ್ ಹೊತ್ತುಕೊಂಡೇ ಆರಾಮಾಗಿರುತ್ತಾರೆ.

ಜೀನ್ ಜೊತೆ ಬೇರೆ ಏನೇನೋ ಕೂಡಬೇಕು. ಎಪ್‌ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಅಪಾಯ 32 ಪಟ್ಟು ಏರುತ್ತದೆ ಎಂದು 2022ರಲ್ಲಿ ಗೊತ್ತಾಯಿತು, ಆದರೆ ಆ ವೈರಸ್ ಹೆಚ್ಚುಕಡಿಮೆ ನಮ್ಮೆಲ್ಲರ ಮೈಯಲ್ಲೂ ಇದೆ. ಬೀಡಿ-ಸಿಗರೇಟು, ಹರೆಯದಲ್ಲಿ ಅತಿ ತೂಕ, ವಿಟಮಿನ್ ಡಿ ಕೊರತೆ ಇವೂ ಸೇರುತ್ತವೆ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಸೀಮೆ ನಮ್ಮದು, ವಿಟಮಿನ್ ಡಿ ಒಮ್ಮೆ ನೋಡಿಸಿಕೊಳ್ಳಿ. ಜೀನ್ ಟೆಸ್ಟ್ ಬದಲು ಇದನ್ನು ಮಾಡಿಸಿ.

ಇನ್ನು ಅಕ್ಕನ ವಿಷಯ. ಕಾಯಿಲೆ ಬರಿಸುವ ಜೀನ್‌ಗಳೇ ಬೇರೆ, ಅದು ಎಷ್ಟು ಬೇಗ ಏರುತ್ತದೆ ಅನ್ನುವುದಕ್ಕೆ ಸಂಬಂಧಿಸಿದ್ದೇ ಬೇರೆ. ಮೊದಲನೆಯವು ಬಹುಪಾಲು ಕಾವಲು ಕಣಗಳಲ್ಲಿ ಕೆಲಸ ಮಾಡುವಂಥವು. 2023ರಲ್ಲಿ ಸಿಕ್ಕ ಒಂದು ವ್ಯತ್ಯಾಸ ಮಾತ್ರ ಮಿದುಳು, ಬೆನ್ನುಹುರಿಯ ತಾಳಿಕೆಯ ಕಡೆ ಬೆರಳು ತೋರಿಸುತ್ತದೆ. ಅದನ್ನು ತಂದೆ-ತಾಯಿ ಇಬ್ಬರಿಂದಲೂ ಪಡೆದವರಿಗೆ ಊರುಗೋಲು ಸುಮಾರು 4 ವರ್ಷ ಮೊದಲೇ ಬೇಕಾಗಿದೆ. ಮುಂದೆ ಹೊಸ ಔಷಧಿಗೆ ಇದು ದಾರಿಯಾಗಲಿ ಅಂತ ನನಗೆ ತುಂಬಾ ಆಸೆ. ಇವತ್ತಿಗೆ ಅಕ್ಕನ ಕೈಲಿರುವುದು ಔಷಧಿ ಬೇಗ ಶುರು ಮಾಡಿ ನಿಲ್ಲಿಸದೆ ಮುಂದುವರಿಸುವುದು. ಹಂಡೆಯ ಸುಡುನೀರಲ್ಲಿ ಮಿಂದ ಮೇಲೆ ಕಣ್ಣು ಮತ್ತೆ ಮಂಜಾದರೆ ಗಾಬರಿ ಬೇಡ, ಮೈ ತಣಿದರೆ ಸರಿಹೋಗುತ್ತದೆ. ಉಗುರುಬೆಚ್ಚಗಿನ ನೀರು ಸಾಕು.

ಗಂಡಿನ ಕಡೆಯವರು ಕೇಳಿದರೆ ಅಕ್ಕನ ಕಾಯಿಲೆ ಮುಚ್ಚಿಡಬೇಡಿ. ಈ ಲೆಕ್ಕವನ್ನೂ ಹೇಳಿ. ಆದರೆ ‘ಟೆಸ್ಟ್ ಮಾಡಿಸಿ ತನ್ನಿ’ ಎಂದರೆ ಒಪ್ಪಬೇಡಿ, ನಮ್ಮ ಡಾಕ್ಟರೇ ಬೇಡ ಅಂದರು ಅನ್ನಿ.